ಹಳೇ ಬೀಟಲ್‌ನ ಒಂದು ಬಾಗಿಲ ಹಿಂದೆ ಏಳು ತಿಂಗಳು

ಕಾರು ಮನೆಗೆ ಬಂದು ಇವತ್ತಿಗೆ ನಾಲ್ಕು ದಿನ. ಮರೆತು ಹೋಗೋಕೆ ಮುಂಚೆ ಬರೆದುಬಿಡೋಣ ಅಂತ ಕೂತಿದ್ದೀನಿ, ಯಾಕಂದ್ರೆ ಮೊದಲ ಮೂರು ತಿಂಗಳು ನಾನು ಮಾಡಿದ್ದೆಲ್ಲಾ ದಂಡ, ಅದೇ ದಂಡ ಇನ್ನೊಬ್ಬರು ತೆರೋದು ಬೇಡ.

ನಂದು 1968ರ ಫೋಕ್ಸ್‌ವ್ಯಾಗನ್ ಬೀಟಲ್, ಸನ್‌ರೂಫ್ ಇರೋದು. 1963ರ ಮಾಡೆಲ್ ತನಕ ಬಟ್ಟೆ ಮಡಚೋ ಸನ್‌ರೂಫ್ ಬರ್ತಿತ್ತು, ಆಮೇಲೆ ಹಿಡಿಕೆ ತಿರುಗಿಸಿದ್ರೆ ಹಿಂದಕ್ಕೆ ಸರಿಯೋ ತಗಡಿನದ್ದು ಬಂತು, ನನ್ನ ಕಾರಲ್ಲಿ ಇರೋದು ಆ ತಗಡಿನದ್ದು. ಸನ್‌ರೂಫ್ ಮಾತು ಈಗ್ಯಾಕೆ ಅನ್ಸಬಹುದು, ಸ್ವಲ್ಪ ತಾಳಿ.

ಶುರುವಾಗಿದ್ದು ಡ್ರೈವರ್ ಕಡೆ ಬಾಗಿಲು ಒಂದೇ ಸಲಕ್ಕೆ ಹಾಕ್ಕೊಳ್ತಿಲ್ಲ ಅನ್ನೋದ್ರಿಂದ. ಎರಡು ಸಲ, ಮೂರು ಸಲ ಬಡೀಬೇಕು. ಇದನ್ನ ನಾನು ವರ್ಷಗಟ್ಲೆ ತಲೆಗೇ ಹಚ್ಕೊಳ್ಳಲಿಲ್ಲ, ಕಾರಣ ಏನಂದ್ರೆ ಬೀಟಲ್ ಇಟ್ಕೊಂಡಿರೋ ಎಲ್ಲರಿಗೂ ಗೊತ್ತಿರೋ ಒಂದು ಮಾತಿದೆ, ಈ ಕಾರು ಒಳಗೆ ಎಷ್ಟು ಗಾಳಿ ಬಿಗಿ ಅಂದ್ರೆ ಗ್ಲಾಸ್ ಪೂರ್ತಿ ಏರಿಸಿದ್ರೆ ಒಳಗಿನ ಗಾಳಿಗೆ ಹೊರಗೆ ಹೋಗೋಕೆ ಜಾಗ ಇಲ್ದೆ ಬಾಗಿಲನ್ನ ವಾಪಸ್ ತಳ್ಳುತ್ತೆ, ಅದಕ್ಕೇ ಗ್ಲಾಸ್ ಒಂದಿಂಚು ಇಳಿಸಿ ಬಾಗಿಲು ಹಾಕ್ಬೇಕು. ಯಾರಾದ್ರೂ ನಕ್ಕರೆ ನಾನು ಹೆಮ್ಮೆಯಿಂದ ಇದೇ ವಿವರಣೆ ಕೊಡ್ತಿದ್ದೆ. ಒಂದಿನ ಎರಡೂ ಗ್ಲಾಸ್ ಪೂರ್ತಿ ಕೆಳಗಿದ್ದಾಗಲೂ ಬಾಗಿಲು ಕಚ್ಚಲಿಲ್ಲ. ಗಾಳಿ ನೆಪ ಅಲ್ಲಿಗೆ ಮುಗೀತು.

ಬಗ್ಗಿ ನೋಡ್ದೆ. ಬಾಗಿಲಿನ ಹಿಂಭಾಗದ ಅಂಚು ಮೇಲ್ಗಡೆ ಬಾಡಿಗೆ ತಾಗಿ ಪೇಂಟ್ ಎದ್ದಿತ್ತು, ಉಗುರಿನಷ್ಟಗಲ ಬರೀ ತಗಡು. ಅದೇ ಅಂಚು ಕೆಳಗಡೆ ನೋಡಿದ್ರೆ ಕಿರುಬೆರಳು ತೂರೋ ಹಾಗಿತ್ತು. ಬಾಗಿಲು ಹಿಂದಕ್ಕೆ ಜೋತು ಬಿದ್ದಿದೆ, ಹಿಂಜ್ ಸವೆದಿದೆ, ಇಷ್ಟೇ ತಾನೇ ಅಂದ್ಕೊಂಡೆ. ನೋಡಿದವರೆಲ್ಲ ಹೇಳಿದ್ದೂ ಅದನ್ನೇ.

ಮೊದಲು ಮಾಡಿದ ತಪ್ಪು ಸ್ಟ್ರೈಕರ್ ಮೇಲೆ ಕೈ ಹಾಕಿದ್ದು. ಪಿಲ್ಲರ್ (ಬಾಗಿಲಿನ ಅಕ್ಕಪಕ್ಕ ನಿಲ್ಲೋ ಬಾಡಿಯ ಕಂಬ) ಮೇಲೆ ಲಾಕ್ ಬಂದು ಕೂರೋ ಆ ತುಂಡಿನ ಸ್ಕ್ರೂ ಸಡಿಲ ಮಾಡಿ ಕೆಳಗೆ ಇಳಿಸಿದೆ, ಬಾಗಿಲು ಹಾಕ್ಕೊಳ್ತು, ಗೆದ್ದೆ ಅಂದ್ಕೊಂಡೆ. ಎರಡು ವಾರಕ್ಕೆ ಮತ್ತೆ ಅದೇ ಕಥೆ, ಮತ್ತೆ ಇಳಿಸಿದೆ. ಇದರ ಬಗ್ಗೆ ಆಮೇಲೆ ಒಬ್ಬರು ವಯಸ್ಸಾದ ಟಿಂಕರ್ ನನಗೆ ಬೈದ ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ, ಆದ್ರೆ ಅದರ ಸಾರ ಇಷ್ಟು: ಸ್ಟ್ರೈಕರ್ ಇರೋದು ಬಾಗಿಲನ್ನ ಹಿಡ್ಕೊಳ್ಳೋಕೆ, ಎತ್ತೋಕಲ್ಲ. ಪರೀಕ್ಷೆ ಮಾಡೋರು ಮೊದಲು ಸ್ಟ್ರೈಕರನ್ನೇ ಬಿಚ್ಚಿ ಪಕ್ಕಕ್ಕಿಡಿ, ಅದರ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಆಮೇಲೆ ಬಿಚ್ಚಿ, ವಾಪಸ್ ಕೂರಿಸೋಕೆ ಬೇಕಾಗುತ್ತೆ. ಸ್ಟ್ರೈಕರ್ ಇಲ್ದೆ ಬಾಗಿಲನ್ನ ಮೆಲ್ಲಗೆ ಬಿಟ್ರೆ ಅದು ಎಲ್ಲಿ ಹೋಗಿ ನಿಲ್ಲುತ್ತೋ ಅದೇ ಬಾಗಿಲಿನ ನಿಜವಾದ ಜಾಗ. ಸ್ಟ್ರೈಕರ್ ಇದ್ದಾಗ ಬಾಗಿಲಿಗೂ ಬಾಡಿಗೂ ಮಧ್ಯೆ ನೀವು ನೋಡೋದೆಲ್ಲ ಸುಳ್ಳು ಗ್ಯಾಪ್.

ಎರಡನೇ ತಪ್ಪು ಡೋರ್ ರಬ್ಬರ್. ಹಳೇ ರಬ್ಬರ್ ಗಟ್ಟಿಯಾಗಿದೆ, ಅದಕ್ಕೇ ಬಾಗಿಲು ಕೂರ್ತಿಲ್ಲ ಅಂತ ಯಾರೋ ಅಂದ್ರು, ಎರಡೂ ಕಡೆಗೆ ಆರ್ಡರ್ ಹಾಕಿದೆ, ಬರೋಕೆ ಐದು ವಾರ. ಬಂದಿದ್ದು ಹೊಸ ಕಾಲದ ನಕಲು, ಹಳೇದಕ್ಕಿಂತ ದಪ್ಪ, ಒತ್ತಿದ್ರೆ ಒಂಚೂರೂ ಕುಗ್ಗಲ್ಲ. ಹಾಕಿದ ಮೇಲೆ ಬಾಗಿಲು ಬಾಡಿಯಿಂದ 3 ಮಿ.ಮೀ. ಹೊರಗೇ ನಿಂತ್ಕೊಂಡ್ತು. ಅಂಟು ಹಾಕಿ ಅಂಟಿಸಿದ್ದ ರಬ್ಬರನ್ನ ಕಿತ್ತು ಬಿಸಾಕಿದೆ, ದುಡ್ಡೂ ಅದರ ಜೊತೆಗೇ ಹೋಯ್ತು. ಗ್ಯಾಪ್ ನೋಡೋವಾಗ ರಬ್ಬರ್ ಇರಲೇಬಾರದು, ಬರೀ ತಗಡಿಗೆ ತಗಡು ಸರಿ ಹೊಂದಿದ ಮೇಲೆ ರಬ್ಬರ್.

ಆಮೇಲೆ ಹಿಂಜ್. ಇದಕ್ಕೊಂದು ಪರೀಕ್ಷೆ ಇದೆ, ಖರ್ಚಿಲ್ಲ. ಬಾಗಿಲು ಅರ್ಧ ತೆಗೆದು ಹಿಂದಿನ ತುದಿ ಹಿಡಿದು ಮೇಲಕ್ಕೆ ಎತ್ತಿ ಇಳಿಸಿ, ಇನ್ನೊಬ್ಬರು ಹಿಂಜ್ ಹತ್ರ ಕಣ್ಣಿಟ್ಟು ನೋಡ್ಲಿ. ಹಿಂಜಿನ ಎರಡು ಎಲೆಗಳ ಮಧ್ಯೆ ಆಟ, ಅಂದ್ರೆ ಅಲ್ಲಾಟ, ಕಂಡ್ರೆ ಪಿನ್ ಸವೆದಿದೆ. ಇಡೀ ಹಿಂಜೇ ಪಿಲ್ಲರ್ ಮೇಲೆ ಅಲ್ಲಾಡಿದ್ರೆ ಸ್ಕ್ರೂ ಸಡಿಲ. ಹಿಂಜಿನ ಜೊತೆಗೆ ಪಿಲ್ಲರ್ ತಗಡೂ ಉಸಿರಾಡೋ ಹಾಗೆ ಒಳಗೆ ಹೊರಗೆ ಆದ್ರೆ ಅಲ್ಲಿಗೆ ನಿಲ್ಲಿಸಿ, ಅದು ಬೇರೆ ಲೆವೆಲ್ ತೊಂದರೆ. ಹಿಂಜ್ ಹತ್ರ ಒಂದು ಮಿ.ಮೀ. ಆಟ ಇದ್ರೆ ಲಾಕ್ ಹತ್ರ ಅದು ಎರಡು ಮೂರು ಮಿ.ಮೀ. ಆಗಿ ಕಾಣುತ್ತೆ, ಬಾಗಿಲು ಅಷ್ಟು ಉದ್ದ.

ನಂದರಲ್ಲಿ ಪಿನ್ ಆಟ ಇತ್ತು, ನಿಜ. ಹಿಂಜ್ ಮೇಲೆ ಎಣ್ಣೆ ಬಿಡೋಕೆ ಅಂತಲೇ ಸಣ್ಣ ತೂತು ಇರುತ್ತೆ, ನನ್ನ ಕಾರಲ್ಲಿ ಅದು ಪೇಂಟ್ ಕೆಳಗೆ ಮುಚ್ಚಿಹೋಗಿತ್ತು, ಎಷ್ಟು ದಶಕದಿಂದ ಒಣಗಿತ್ತೋ. ಹಿಂಜಿನ ಸ್ಕ್ರೂ ಬಿಚ್ಚೋಕೆ ಮಾಮೂಲಿ ಸ್ಕ್ರೂಡ್ರೈವರ್ ತಗೊಂಡು ಹೋಗ್ಬೇಡಿ, ತಲೆ ಉಜ್ಜಿಹೋಗುತ್ತೆ. ಸುತ್ತಿಗೆಯಲ್ಲಿ ಹೊಡೆಯೋ ಇಂಪ್ಯಾಕ್ಟ್ ಡ್ರೈವರ್ ಬೇಕು, ಹಿಂದಿನ ದಿನವೇ ತುಕ್ಕು ಬಿಡಿಸೋ ಎಣ್ಣೆ ಬಿಟ್ಟಿರಬೇಕು. ನಾನು ಒಂದು ಸ್ಕ್ರೂ ಹಾಳು ಮಾಡ್ಕೊಂಡು ಅದನ್ನ ಡ್ರಿಲ್ ಮಾಡಿಸೋಕೆ ಅರ್ಧ ದಿನ ಕಳೆದೆ.

ಹೊಸ ಪಿನ್ ಬಂತು, ಆಟ ಹೋಯ್ತು, ಬಾಗಿಲು ಬೆಣ್ಣೆ ಥರ ತಿರುಗ್ತಿತ್ತು. ಹಿಂದಿನ ಗ್ಯಾಪ್ ಮಾತ್ರ ಹೆಚ್ಚುಕಮ್ಮಿ ಅಲ್ಲೇ. ಮೇಲೆ ಬಿಗಿ, ಕೆಳಗೆ ಅಗಲ. ಇಷ್ಟೊತ್ತಿಗೆ ಮೂರು ತಿಂಗಳು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ, ನಾನು ಬಾಗಿಲಿಗೇ ಬರೆ ಮೇಲೆ ಬರೆ ಹಾಕ್ತಿದ್ದೆ.

ಅದೇ ವಾರ ಇನ್ನೊಂದು ಕಣ್ಣಿಗೆ ಬಿತ್ತು. ಬಾಗಿಲು ಚೌಕಟ್ಟಿನ ಹಿಂದಿನ ಮೇಲ್ಮೂಲೆಯಲ್ಲಿ, ರೂಫು ಪಿಲ್ಲರಿಗೆ ಸೇರೋ ಕಡೆ, ಪೇಂಟ್‌ನಲ್ಲಿ ಕೂದಲಿನಂಥ ಗೆರೆ. ಉಗುರು ಆಡಿಸಿದ್ರೆ ಸಿಗುತ್ತೆ. ಬಿಸಿಲಲ್ಲಿ ರೂಫ್ ಮೇಲೆ ಅಡ್ಡಡ್ಡ ಕಣ್ಣು ಹಾಯಿಸಿದ್ರೆ ಅಲ್ಲಿ ಸಣ್ಣ ಅಲೆ ಇದ್ದ ಹಾಗೂ ಅನ್ಸುತ್ತೆ. ಒಬ್ಬ ಮೆಕ್ಯಾನಿಕ್ ಬಂದು ನೋಡಿ, ತಲೆ ಅಲ್ಲಾಡಿಸಿ, ‘ಸಾರ್ ಇದು ಪಲ್ಟಿ ಹೊಡ್ದಿರೋ ಗಾಡಿ, ರೂಫ್ ಕೂತಿದೆ’ ಅಂದುಬಿಟ್ಟ. ಆ ರಾತ್ರಿ ನಿದ್ದೆ ಬರಲಿಲ್ಲ. ಪಲ್ಟಿ ಹೊಡೆದ ಕಾರು ಅಂದ್ರೆ ನಾನು ಕೊಟ್ಟ ದುಡ್ಡಿನ ಮಾತಲ್ಲ, ಅದರಲ್ಲಿ ಇಷ್ಟು ವರ್ಷ ಮಕ್ಕಳನ್ನ ಕೂರಿಸ್ಕೊಂಡು ಓಡಾಡಿದ್ದೀನಲ್ಲ ಅನ್ನೋದು.

ಬೆಳಗ್ಗೆ ಎದ್ದು ಕಾರು ತಗೊಂಡಾಗ ಹಿಂದಿನ ಮಾಲೀಕರು ಕೊಟ್ಟಿದ್ದ ಫೈಲ್ ಹುಡುಕಿದೆ. ಹಳೇ ಕಾರು ತಗೊಳ್ಳೋರು ಆ ಫೈಲನ್ನ ಮೊದಲ ದಿನವೇ ಓದಿ, ನನ್ನ ಥರ ಅಟ್ಟದ ಮೇಲೆ ಹಾಕ್ಬೇಡಿ. ಟೈರ್ ಬಿಲ್, ಬ್ಯಾಟರಿ ಬಿಲ್, ಮಾಸಿದ ನಾಲ್ಕು ಫೋಟೋ, ಅವುಗಳ ಮಧ್ಯೆ ಕೈಬರಹದ ಒಂದು ಬಿಲ್ಲು: ಡ್ರೈವರ್ ಕಡೆ ಹೀಟರ್ ಚಾನಲ್ ಬದಲಾವಣೆ, ವೆಲ್ಡಿಂಗ್, ಪೇಂಟ್. ಅಪಘಾತದ ಕಾಗದ ಒಂದೂ ಇಲ್ಲ.

ಹೀಟರ್ ಚಾನಲ್ ಗೊತ್ತಿಲ್ಲದವರಿಗೆ ಒಂದು ಮಾತು. ಬೀಟಲ್‌ಗೆ ಕೆಳಗೆ ನೆಲದ ತಗಡು, ಅದರ ಮೇಲೆ ಬಾಡಿ ಬೋಲ್ಟ್ ಮಾಡಿರ್ತಾರೆ. ಬಾಡಿಯ ಎರಡು ಪಕ್ಕದಲ್ಲೂ ಬಾಗಿಲಿನ ಕೆಳಗೆ ಮುಂದಿಂದ ಹಿಂದಕ್ಕೆ ಓಡೋ ಪೆಟ್ಟಿಗೆಯಂಥ ತೊಲೆಯೇ ಹೀಟರ್ ಚಾನಲ್. ಹಿಂದಿರೋ ಎಂಜಿನ್ನಿನ ಬಿಸಿಗಾಳಿ ಅದರೊಳಗಿಂದಲೇ ಮುಂದಕ್ಕೆ ಬರುತ್ತೆ, ಅದಕ್ಕೇ ಆ ಹೆಸರು. ಬಾಗಿಲಿನ ಮುಂದಿನ ಪಿಲ್ಲರ್, ಹಿಂದಿನ ಪಿಲ್ಲರ್ ಎರಡೂ ನಿಂತಿರೋದು ಅದರ ಮೇಲೆ. ಅದು ಒಳಗಿಂದ ತುಕ್ಕು ತಿಂದ್ರೆ ಹೊರಗೆ ಪೇಂಟ್ ಚೆನ್ನಾಗೇ ಕಾಣ್ತಿರುತ್ತೆ. ಕಾರು ನಿಂತಿರೋದು ನಾಲ್ಕು ಚಕ್ರದ ಮೇಲೆ, ಅಂದ್ರೆ ಎರಡು ತುದಿಯಲ್ಲಿ ಆಧಾರ, ಮಧ್ಯೆ ಭಾರ. ಕೆಳಗಿನ ತೊಲೆಯನ್ನ ಭಾರ ಹಿಗ್ಗಿಸುತ್ತೆ, ಮೇಲಿನ ರೂಫನ್ನ ಒತ್ತುತ್ತೆ. ತೊಲೆ ಸೋತ್ರೆ ಬಾಗಿಲಿನ ಚೌಕಟ್ಟು ಕೆಳಗೆ ಅಗಲ ಆಗುತ್ತೆ, ಮೇಲೆ ಕಿರಿದಾಗುತ್ತೆ, ಆ ಒತ್ತಡವೆಲ್ಲ ಹೋಗಿ ಸೇರೋದು ರೂಫಿನ ಮೂಲೆಗೆ. ನನ್ನ ಕಾರಿನ ಲಕ್ಷಣ ಒಂದೊಂದೂ ಅದೇ.

ಇದನ್ನ ನನಗೆ ತಿಳಿಸಿದ್ದು ಮೇಲೆ ಹೇಳಿದ ಬೈಗುಳದ ಟಿಂಕರ್. ಅವರ ಅಪಾಯಿಂಟ್‌ಮೆಂಟ್ ಸಿಗೋಕೆ ಮೂರು ವಾರ ಕಾದೆ, ಬಂದವರು ಎರಡು ಗಂಟೆ ಸ್ಪ್ಯಾನರೇ ಮುಟ್ಟಲಿಲ್ಲ. ಜೇಬಿಂದ ಬೇರೆ ಬೇರೆ ಅಳತೆಯ ಡ್ರಿಲ್ ಬಿಟ್ ತೆಗೆದ್ರು, ಅದರ ನುಣುಪು ಬುಡವನ್ನ ಗ್ಯಾಪಿನಲ್ಲಿ ತೂರಿಸಿ ಬಾಗಿಲಿನ ಸುತ್ತ ಹೋಗ್ತಾ ಮಾಸ್ಕಿಂಗ್ ಟೇಪ್ ಮೇಲೆ ನಂಬರ್ ಬರೀತಾ ಬಂದ್ರು. ಮುಗಿಸಿ ಹಿಂಜ್ ಕಡೆ ಗ್ಯಾಪ್ ತೋರಿಸಿ ಕೇಳಿದ್ರು, ಇಲ್ಲಿ ಎಷ್ಟಿದೆ? ಮೇಲೂ 4, ಕೆಳಗೂ 4. ಹಿಂದಗಡೆ? ಮೇಲೆ ಒಂದೂವರೆಗೂ ಕಮ್ಮಿ, ಕೆಳಗೆ 8ರ ಹತ್ರ. ಬಾಗಿಲು ಹಿಂಜಿಂದ ಜೋತು ಬಿದ್ದಿದ್ರೆ ಮುಂದಿನ ಗ್ಯಾಪೂ ಓರೆ ಆಗ್ಬೇಕಿತ್ತು, ಮೇಲೆ ಅಗಲ ಕೆಳಗೆ ಬಿಗಿ. ಮುಂದಿನದು ಸಮವಾಗಿದ್ದು ಹಿಂದಿನದು ಮಾತ್ರ ಓರೆ ಅಂದ್ರೆ ಬಾಗಿಲು ತನ್ನ ಪಿಲ್ಲರ್ ಜೊತೆ ಸರಿಯಾಗೇ ಇದೆ, ಎರಡು ಪಿಲ್ಲರ್‌ಗಳೇ ಒಂದಕ್ಕೊಂದು ಸರಿಯಿಲ್ಲ. ಮೂರು ತಿಂಗಳು ನಾನು ಹಿಂದಿನ ಗ್ಯಾಪನ್ನೇ ನೋಡ್ಕೊಂಡು ಕೂತಿದ್ದೆ, ಮುಂದೆ ತಿರುಗಿ ನೋಡಿರಲಿಲ್ಲ.

ಆಮೇಲೆ ಚೌಕಟ್ಟಿನ ಅಳತೆ. ನಾನು ಜಾಣತನ ತೋರಿಸೋಕೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಆಗಲೇ ಅಳೆದಿಟ್ಟಿದ್ದೆ, ಇನ್ನೊಂದು ಕಡೆಗೆ ಹೋಲಿಸಿದ್ರೆ ಎರಡೂ ಎರಡು ಮಿ.ಮೀ. ಉದ್ದ, ಹೆಚ್ಚುಕಮ್ಮಿ ಸಮ, ಹಾಗಾಗಿ ಚೌಕಟ್ಟು ಸರಿಯಿದೆ ಅಂದೆ. ಅವರು ನಕ್ಕರು. ಚೌಕಟ್ಟು ಒಂದು ಪಕ್ಕಕ್ಕೆ ವಾಲಿದ್ರೆ ಕರ್ಣದಲ್ಲಿ ಗೊತ್ತಾಗುತ್ತೆ, ಒಂದು ಉದ್ದ ಇನ್ನೊಂದು ಗಿಡ್ಡ. ಕೆಳಗೆ ಬಾಯಿ ಬಿಟ್ಟಿದ್ರೆ ಎರಡೂ ಕರ್ಣ ಒಟ್ಟಿಗೇ ಬೆಳೆಯುತ್ತೆ, ಏನೂ ಆಗಿಲ್ಲ ಅನ್ನೋ ಹಾಗೆ ಕಾಣುತ್ತೆ. ಅಡ್ಡ ಅಳತೆ ಬೇಕು, ಮೇಲೊಂದು ಕೆಳಗೊಂದು, ಎರಡೂ ಪಕ್ಕದಲ್ಲಿ ಒಂದೇ ಜಾಗದಿಂದ. ಅಳೆದ್ರೆ ಕೆಳಗೆ 6 ಮಿ.ಮೀ. ಜಾಸ್ತಿ, ಮೇಲೆ 2 ಕಮ್ಮಿ.

ಕೊನೆಗೆ ಜಾಕ್. ಸಮತಟ್ಟಾದ ನೆಲ, ಎದುರು ಕಡೆ ಚಕ್ರಕ್ಕೆ ಅಡ್ಡ ಕೊಟ್ಟು, ಡ್ರೈವರ್ ಕಡೆ ಜಾಕ್ ಪಾಯಿಂಟ್ ಕೆಳಗೆ ಮರದ ತುಂಡಿಟ್ಟು ನಿಧಾನಕ್ಕೆ ಎತ್ತಿದ್ರು, ಚಕ್ರ ಇನ್ನೂ ನೆಲ ಬಿಟ್ಟಿರಲಿಲ್ಲ. ಮೇಲಿನ ಗ್ಯಾಪಲ್ಲಿ 3 ಮಿ.ಮೀ. ಬಿಟ್ ತೂರ್ತು. ಮೊದಲು 1.5 ಕೂಡ ತೂರ್ತಿರಲಿಲ್ಲ. ಬಾಗಿಲು ಒಂದು ಬೆರಳಲ್ಲಿ ತಳ್ಳಿದೆ, ಟಕ್ ಅಂತ ಹೋಗಿ ಕೂತ್ಕೊಂಡ್ತು. ಖುಷಿ ಪಡೋ ಬದಲು ನನ್ನ ಹೊಟ್ಟೆ ಧಸಕ್ ಅಂತು. ಗಟ್ಟಿಯಾದ ಬಾಡಿ ಇದ್ರೆ ಜಾಕ್ ಎತ್ತಿದಾಗ ಗ್ಯಾಪ್ ಅಲ್ಲಾಡಿದ್ದು ಗೊತ್ತೇ ಆಗ್ಬಾರ್ದು. ಹೊಸ ಚಾನಲ್ ಹಾಕಿಸಿರೋ ಬಿಲ್ಲು ಕೈಯಲ್ಲಿದೆ, ಕಾರು ಮಾತ್ರ ಮಧ್ಯೆ ಬಗ್ತಾ ಇದೆ. ಇದನ್ನ ಮನೇಲಿ ಮಾಡೋರು ಬರೀ ಜಾಕ್ ನಂಬಿ ಕಾರಿನ ಕೆಳಗೆ ಕೈ ಕಾಲು ತೂರಿಸಬೇಡಿ, ಸ್ಟ್ಯಾಂಡ್ ಇಡಿ.

ರೂಫ್ ವಿಷಯ ಇನ್ನೂ ಬಾಕಿ ಇತ್ತು. ಪೇಂಟ್ ದಪ್ಪ ಅಳೆಯೋ ಮೀಟರ್ ಬಾಡಿಗೆಗೆ ತಂದೆ. ರೂಫಿನ ನಡುವೆ 150 ಮೈಕ್ರಾನ್ ಆಸುಪಾಸು, ಅಂದ್ರೆ ಬರೀ ಪೇಂಟ್. ಗೆರೆ ಬಿದ್ದ ಮೂಲೆಯಲ್ಲಿ 1,400. ಅಷ್ಟು ದಪ್ಪ ಪೇಂಟ್ ಯಾರೂ ಹೊಡೆಯಲ್ಲ, ಅದು ಪುಟ್ಟಿ. ಮೀಟರ್ ಸಿಗದಿದ್ರೆ ತೆಳು ಬಟ್ಟೆ ಸುತ್ತಿದ ಸಣ್ಣ ಮ್ಯಾಗ್ನೆಟ್ ಸಾಕು, ಪುಟ್ಟಿ ದಪ್ಪ ಇದ್ದಲ್ಲಿ ಹಿಡಿಯಲ್ಲ. ಒಳಗೆ ರೂಫ್ ಲೈನಿಂಗ್ ಆ ಮೂಲೆಯಲ್ಲಿ ಒಂದು ಮೊಳದಷ್ಟು ಬಿಡಿಸಿ ಟಾರ್ಚ್ ಹಿಡಿದು ನೋಡಿದ್ವಿ. ಪಲ್ಟಿ ಹೊಡೆದಿದ್ರೆ ಒಳಗಿನ ಪಟ್ಟಿಯಲ್ಲಿ ಮಡಿಕೆ, ಸುತ್ತಿಗೆ ಗುರುತು, ಎಳೆದು ಸರಿ ಮಾಡಿದ ತೂತುಗಳು ಇರಬೇಕು. ಒಂದೂ ಇಲ್ಲ, ಒಳಗಿನ ಉಕ್ಕು ಕಾರ್ಖಾನೆಯಿಂದ ಬಂದ ಹಾಗೇ ಇತ್ತು. ಮೇಲಿನ ತಗಡು ಒತ್ತಡಕ್ಕೆ ಸ್ವಲ್ಪ ಉಬ್ಬಿತ್ತು, ಅದನ್ನ ಯಾರೋ ಪುಟ್ಟಿಯಲ್ಲಿ ಮುಚ್ಚಿದ್ರು, ಬಾಡಿ ಬಗ್ಗಿದಾಗೆಲ್ಲ ಪುಟ್ಟಿ ಬಿರಿದಿದೆ. ಅಷ್ಟೇ. ಎರಡು ವಾರದಿಂದ ಹಿಡಿದಿದ್ದ ಉಸಿರು ಅವತ್ತು ಬಿಟ್ಟೆ. ಹಳೇ ಬಾಡಿಗಳಲ್ಲಿ ಜೋಡಣೆ ಮೇಲೆ ಸೀಸ ತುಂಬಿರೋದೂ ಉಂಟು, ಅಂಥ ಕಡೆ ಗ್ರೈಂಡರ್ ಹಿಡಿಯೋಕೆ ಮುಂಚೆ ಯೋಚಿಸಿ, ಅದರ ಧೂಳು ವಿಷ.

ಹೊಸ ಚಾನಲ್ ಇಷ್ಟು ಬೇಗ ಯಾಕೆ ಸೋತ್ತು? ಇದಕ್ಕೆ ಉತ್ತರ ಸಿಕ್ಕಿದ್ದು ಆಕಸ್ಮಿಕವಾಗಿ. ಸನ್‌ರೂಫ್ ಸುತ್ತ ಒಂದು ತಟ್ಟೆಯಂಥ ಅಂಚು ಇರುತ್ತೆ, ಒಳಗೆ ನುಸುಳಿದ ನೀರು ಅದರ ಮೂಲೆಗಳಿಂದ ಪೈಪಲ್ಲಿ ಇಳಿಯುತ್ತೆ, ಮುಂದಿನ ಎರಡು ಪೈಪು ವಿಂಡ್‌ಶೀಲ್ಡ್ ಪಕ್ಕದ ಪಿಲ್ಲರ್ ಒಳಗೇ ಕೆಳಗೆ ಬರುತ್ತೆ. ಲೈನಿಂಗ್ ಬಿಚ್ಚಿದ್ದೀವಲ್ಲ, ಅದನ್ನೂ ನೋಡಿಬಿಡೋಣ ಅಂತ ಒಂದೊಂದು ಮೂಲೆಗೆ ಒಂದು ಲೋಟ ನೀರು ಬಿಟ್ವಿ. ಆ ಕಡೆ ಮುಂದಿನ ಮೂಲೆ, ನಾಲ್ಕೈದು ಸೆಕೆಂಡಿಗೆ ಕಾರಿನ ಕೆಳಗೆ ಧಾರೆ. ಡ್ರೈವರ್ ಕಡೆ ಲೋಟ ಖಾಲಿಯಾಯ್ತು, ನೀರು ಇಳೀತು, ಹೊರಗೆ ಮಾತ್ರ ಒಂದು ಹನಿ ಇಲ್ಲ. ನಾವಿಬ್ಬರೂ ಮಂಡಿಯೂರಿ ಕಾದ್ವಿ. ಇಪ್ಪತ್ತು ನಿಮಿಷ ಆದ ಮೇಲೆ ಚಾನಲ್‌ನ ಹಿಂಬದಿ ಜೋಡಣೆಯಿಂದ ಕಂದು ಬಣ್ಣದ ನೀರು ತೊಟ್ಟಿಕ್ಕೋಕೆ ಶುರುವಾಯ್ತು.

ಪೈಪು ಪಿಲ್ಲರ್ ಒಳಗೆ ಒಣಗಿ ಕಳಚಿತ್ತು. ಪ್ರತಿ ಮಳೆಗೂ, ಪ್ರತಿ ಸಲ ನಾನೇ ಪ್ರೀತಿಯಿಂದ ತೊಳೆದಾಗಲೂ, ರೂಫಿನ ನೀರು ನೇರ ಹೋಗಿ ಚಾನಲ್ ಒಳಗೆ ನಿಲ್ತಿತ್ತು. ಮೊದಲ ಚಾನಲ್ ತಿಂದಿದ್ದೂ ಅದೇ ಇರಬೇಕು. ಹೊಸದು ಹಾಕಿದವರು ಮೇಲೆ ನೋಡಲೇ ಇಲ್ಲ, ಒಳಗೆ ತುಕ್ಕು ತಡೆಯೋ ಮೇಣವನ್ನೂ ಬಿಟ್ಟಿರಲಿಲ್ಲ. ಸನ್‌ರೂಫ್ ಇರೋರು ಇವತ್ತೇ ಒಂದು ಲೋಟ ನೀರು ಬಿಟ್ಟು ನೋಡಿ. ಪೈಪ್ ಕಟ್ಟಿದ್ರೆ ಕಂಪ್ರೆಸರ್ ಗಾಳಿ ಹೊಡೀಬೇಡಿ, ಒಳಗೆಲ್ಲೋ ಪೈಪು ಕಳಚ್ಕೊಳ್ಳುತ್ತೆ, ಹುಲ್ಲು ಕತ್ತರಿಸೋ ಮೆಷಿನ್ನಿನ ನೈಲಾನ್ ದಾರ ಮೆಲ್ಲಗೆ ತೂರಿಸಿ.

ವರ್ಕ್‌ಶಾಪ್ ಸರದಿಗೆ ಆರು ವಾರ, ಕೆಲಸಕ್ಕೆ ಐದು ವಾರ. ಕೆಲಸ ಕೊಡೋಕೆ ಮುಂಚೆ ಮೂರು ಕಡೆ ಕೇಳಿದ್ದೆ. ಒಂದೇ ಪ್ರಶ್ನೆ: ಚಾನಲ್ ಕತ್ತರಿಸೋಕೆ ಮುಂಚೆ ಏನು ಮಾಡ್ತೀರಾ? ಇಬ್ಬರು ‘ಬಾಗಿಲು ಬಿಚ್ತೀವಿ’ ಅಂದ್ರು. ಮೂರನೆಯವರು ‘ಬಾಗಿಲು ಸರಿ ಕೂರೋ ತನಕ ಬಾಡಿ ಎತ್ತಿ ನಿಲ್ಲಿಸಿ, ಪಿಲ್ಲರ್‌ನಿಂದ ಪಿಲ್ಲರ್‌ಗೆ ಅಡ್ಡ ಪೈಪ್ ವೆಲ್ಡ್ ಮಾಡಿ, ಆಮೇಲೆ ಕತ್ತರಿಸ್ತೀವಿ’ ಅಂದ್ರು. ಅವರಿಗೇ ಕೊಟ್ಟೆ. ಅಡ್ಡ ಪೈಪ್ ಇಲ್ದೆ ಕತ್ತರಿಸಿದ್ರೆ ಬಾಡಿ ಯಾವ ಆಕಾರಕ್ಕೆ ಕೂರುತ್ತೋ ಆ ಆಕಾರಕ್ಕೇ ಹೊಸ ಚಾನಲ್ ಬೆಸುಗೆ ಆಗಿಬಿಡುತ್ತೆ, ಹಿಂದಿನ ಸಲ ಸ್ವಲ್ಪ ಮಟ್ಟಿಗೆ ಆಗಿದ್ದೂ ಅದೇ ಅಂತ ಚಾನಲ್ ಬಿಚ್ಚಿದಾಗ ಗೊತ್ತಾಯ್ತು, ಕೆಳಗಿನ 6ರಲ್ಲಿ 2 ಮಿ.ಮೀ. ತುಕ್ಕಿನದಲ್ಲ, ವೆಲ್ಡಿಂಗ್‌ನದು. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಬಿಚ್ಚಿ ಹೊರಗಿಡಿಸಿ, ಬೀಟಲ್‌ನಲ್ಲಿ ಅದು ಹಿಂದಿನ ಸೀಟಿನ ಕೆಳಗಿರುತ್ತೆ, ಮರೆತುಹೋಗುತ್ತೆ.

ಅಲ್ಲಲ್ಲಿ ಚುಕ್ಕಿ ವೆಲ್ಡ್ ಹಾಕಿ, ರಬ್ಬರ್ ಇಲ್ಲದ ಬಾಗಿಲು ನೇತು ಹಾಕಿ, ಡ್ರಿಲ್ ಬಿಟ್ ತೂರಿಸಿ ನೋಡಿ, ಮತ್ತೆ ಬಿಚ್ಚಿ, ಹೀಗೆ ಎಷ್ಟು ಸಲ ಆಯ್ತೋ. ಖರ್ಚು ಹೇಳ್ಬೇಕಂದ್ರೆ ಒಟ್ಟು ನೂರು ಅಂದ್ಕೊಂಡ್ರೆ ಚಾನಲ್, ಪೈಪು, ಮೇಣ ಎಲ್ಲಾ ಸೇರಿ ಇಪ್ಪತ್ತೂ ಇಲ್ಲ, ವೆಲ್ಡಿಂಗ್ ಕೂಲಿ ಐವತ್ತರ ಹತ್ರ, ರೂಫ್ ಮೂಲೆ ಮತ್ತು ಪೇಂಟ್ ಹದಿನೈದು, ಉಳಿದ ಹದಿನೈದು ಮೊದಲ ಮೂರು ತಿಂಗಳು ನಾನು ಸುಟ್ಟಿದ್ದು. ಪಿನ್ನಿನ ದುಡ್ಡು ಮಾತ್ರ ದಂಡ ಅಲ್ಲ.

ಬಾಗಿಲಿನ ಕೆಳಗಿನ ಹಿಂದಿನ ಮೂಲೆಯಲ್ಲಿ ಇನ್ನೂ ಒಂದು ಮಿ.ಮೀ. ಜಾಸ್ತಿ ಇದೆ. ಅದನ್ನ ಬಿಡಿ ಅಂದೆ. ನಿನ್ನೆ ಸಂಜೆ ಹೊಸ ರಬ್ಬರ್ ಹಾಕಿ ಮುಗಿಸಿದೆ, ಈ ಸಲ ಮೆತ್ತಗಿರೋದು ಹುಡುಕಿ ತರಿಸಿದ್ದೆ. ಎರಡೂ ಗ್ಲಾಸ್ ಪೂರ್ತಿ ಏರಿಸಿ ಬಾಗಿಲು ತಳ್ಳಿದೆ. ಕಚ್ಚಲಿಲ್ಲ, ಮೆತ್ತಗೆ ವಾಪಸ್ ಬಂತು. ಎದೆ ಒಂದು ಸಲ ನಿಂತೇ ಹೋಯ್ತು. ಗ್ಲಾಸ್ ಒಂದಿಂಚು ಇಳಿಸಿ ಮತ್ತೆ ತಳ್ಳಿದೆ. ಟಕ್. ಗಾಳಿ ನೆಪ ಈಗ ನಿಜ ಆಗಿದೆ.